ಟೈಲರಮ್ಮ ಹಳ್ಳ ಇಳಿದದ್ದು

ತಾನು ಹೊಲಿದ ಬಟ್ಟೆಯೊಳಗೆ ತಾನೇ ಸಿಕ್ಕಿಹಾಕಿಕೊಂಡು, ಹೊರಬರಲು ದಾರಿ ಕಾಣದೆ ಕೂತಿದ್ದೇನೆ ಎಂದು ಯಾವ ಟೈಲರೂ ಗಿರಾಕಿಯ ಮುಂದೆ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡ ದಿನವೇ ಮಿಷನ್ನು ಮಾರಬೇಕಾಗುತ್ತದೆ. ಮುಂದೆ ನಡೆದ ರಾದ್ಧಾಂತಕ್ಕೆಲ್ಲ ಮೂಲ ಈ ಒಂದು ವೃತ್ತಿಗೌರವವೇ ಹೊರತು ನಮ್ಮ ಟೈಲರಮ್ಮ ಸ್ವಭಾವತಃ ಸುಳ್ಳು ಹೇಳುವವಳಲ್ಲ. ಅಷ್ಟು ಚುರುಕು ಆಕೆಗಿಲ್ಲ ಎಂದು ಅವಳ ಓರಗಿತ್ತಿಯೇ ಎಷ್ಟೋ ಸಲ ಪ್ರಮಾಣಪತ್ರ ಕೊಟ್ಟಿದ್ದಾಳೆ.

ಊರಿನಲ್ಲಿ ಐದು ಜನರ ಒಂದು ಕಯಾಕ್ ಕ್ಲಬ್ಬಿತ್ತು. ಅದರ ಕೋಚ್ ಹಗಲೆಲ್ಲ ಕೊಳಾಯಿ ರಿಪೇರಿ ಮಾಡುವ ಪ್ಲಂಬರ್. ವಾರದಲ್ಲಿ ಆರು ದಿನ ನೀರು ನಿಲ್ಲಿಸುವುದು, ಏಳನೆಯ ದಿನ ನೀರಿನ ಜೊತೆ ಓಡುವುದು, ಇದು ಅವನ ಬದುಕು. ಕಯಾಕ್ ಎಂದರೆ ಒಬ್ಬರೇ ಕಾಲು ನೀಡಿಕೊಂಡು ಕೂರುವ ಪ್ಲಾಸ್ಟಿಕ್ ದೋಣಿ. ಕೂತವರ ಸೊಂಟಕ್ಕೂ ದೋಣಿಯ ಬಾಯಿಗೂ ನಡುವೆ ನೀರು ನುಗ್ಗದಂತೆ ರಬ್ಬರ್ ಬಟ್ಟೆಯ ಒಂದು ಲಂಗ ಬೇಕು. ಅದರ ಮೇಲಂಚು ಸೊಂಟವನ್ನು ಹಿಡಿಯಬೇಕು, ಕೆಳಂಚು ದೋಣಿಯನ್ನು ಹಿಡಿಯಬೇಕು. ಮುಂದೆ ಒಂದು ಪಟ್ಟಿ ಇರುತ್ತದೆ. ಎಳೆದರೆ ಲಂಗ ಕಳಚಿಕೊಂಡು ಕೂತವರು ಹೊರಬರಬಹುದು. ಹರಿದ ಹಳೆಯ ಲಂಗವನ್ನೂ ಅಳತೆಗೆಂದು ಒಂದು ದೋಣಿಯನ್ನೂ ಪ್ಲಂಬರ್ ಟೈಲರಮ್ಮನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದ.

ಟೈಲರಮ್ಮ ಅರೆಮನಸ್ಸಿನಿಂದ ಏನನ್ನೂ ಹೊಲಿಯುವವಳಲ್ಲ. ದೋಣಿಯನ್ನು ಎರಡು ಬೆಂಚುಗಳ ಮೇಲಿಟ್ಟು, ಹೊಸ ಲಂಗ ತೊಟ್ಟು, ಒಳಗೆ ಕೂತು ಅಂಚನ್ನು ಸುತ್ತಲೂ ಸಿಕ್ಕಿಸಿದಳು. ದೋಣಿಯ ಜೊತೆ ಬಂದಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಕೈ ಆಡುತ್ತದೋ ಇಲ್ಲವೋ ನೋಡಿದಳು. ಹೊಲಿಗೆಯಲ್ಲಿ ನೀರು ಜಿನುಗುತ್ತದೋ ಎಂದು ಪಕ್ಕದಲ್ಲಿಟ್ಟುಕೊಂಡಿದ್ದ ಬಕೆಟ್ಟನ್ನು ನೆತ್ತಿಯ ಮೇಲೇ ಸುರಿದುಕೊಂಡಳು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಆ ಸಂತೋಷದಲ್ಲಿ ಪಟ್ಟಿ ಎಳೆಯಲು ಕೈ ಹಾಕಿದರೆ ಪಟ್ಟಿ ಇಲ್ಲ. ಅದು ಇನ್ನೂ ಹೊಲಿಸಿಕೊಳ್ಳದೆ ಅಷ್ಟು ದೂರದಲ್ಲಿ ಮಿಷನ್ನಿನ ಮೇಲೆ ತಣ್ಣಗೆ ಮಲಗಿತ್ತು.

ಎಳೆದಳು, ಜಗ್ಗಿದಳು, ಉಗುರು ಹಾಕಿದಳು. ಅವಳ ಹೊಲಿಗೆ ಅವಳಿಗೇ ಜಗ್ಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಜನನ ಮರಣ ಗುಮಾಸ್ತ ಕಾಣಿಸಿಕೊಂಡ. ಪುರಸಭೆಯಲ್ಲಿ ಹುಟ್ಟು ಸಾವು ದಾಖಲಿಸುವ ಈ ಗುಮಾಸ್ತನಿಗೆ ತಿಳಿಸದೆ ಊರಿನಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತೆಯೂ ಇರಲಿಲ್ಲ.

"ಪ್ಯಾಂಟು ಆಯ್ತಾ ಟೈಲರಮ್ಮ?" ಎನ್ನುತ್ತಾ ಬಂದವನು ಹೊಸ್ತಿಲ ಮೇಲೇ ನಿಂತ. "ಇದೇನಿದು, ಮೈಯೆಲ್ಲ ನೀರು."

"ಈಗಷ್ಟೇ ಬಂದೆ ಸಾರ್."

"ಎಲ್ಲಿಂದ?"

ಟೈಲರಮ್ಮ ಹೆಲ್ಮೆಟ್ಟಿನ ಪಟ್ಟಿಯನ್ನು ಸರಿಮಾಡಿಕೊಂಡಳು. "ಇದರಲ್ಲಿ ಕೂತು ಇನ್ನೆಲ್ಲಿಂದ ಬರ್ತಾರೆ."

"ಬೆಟ್ಟದ ಹಳ್ಳದಿಂದಲಾ? ಮೇಲಿಂದಲಾ?"

ಅವಳು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನಿಮ್ಮ ಪ್ಯಾಂಟು ಎರಡನೇ ಗೂಟದಲ್ಲಿದೆ, ನೀವೇ ತಗೊಂಡುಬಿಡಿ ಸಾರ್. ನನಗೆ ಸ್ವಲ್ಪ ಸುಸ್ತಾಗಿದೆ."

ಗುಮಾಸ್ತ ಬೆರಳ ತುದಿಯಲ್ಲಿ ಪ್ಯಾಂಟು ತೆಗೆದುಕೊಂಡು, ಆಸ್ಪತ್ರೆಯ ವಾರ್ಡಿನಿಂದ ಹೊರಡುವವರ ಹಾಗೆ ಸದ್ದಿಲ್ಲದೆ ಹೊರಟುಹೋದ.

ಈಗ ಆ ಹಳ್ಳದ ವಿಷಯ. ಬೆಟ್ಟದ ನೆತ್ತಿಯಿಂದ ಊರಿನವರೆಗೆ ಅದು ಹರಿಯುವುದಿಲ್ಲ, ಬೀಳುತ್ತದೆ. ಕೊನೆಯ ಎರಡು ಬೀಳುಗಳಿಗೆ ಊರವರು ಹೆಸರಿಟ್ಟಿದ್ದಾರೆ. ಎರಡು ಬಂಡೆಗಳ ಸಂದಿಯಲ್ಲಿ ನೀರು ಸೀಳಿಕೊಂಡು ನುಗ್ಗುವ ಜಾಗ ಕತ್ತರಿ. ಅದರ ಕೆಳಗೆ, ಆಳೆತ್ತರದಿಂದ ಬಿದ್ದ ನೀರು ಮುಂದೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಗಿರಗಿರ ತಿರುಗಿ ತನ್ನನ್ನು ತಾನೇ ರುಬ್ಬಿಕೊಳ್ಳುವ ಜಾಗ ಒರಳು. ಒರಳಿನ ಕೆಳಗೆ ಶಾಂತವಾದ ಮಡು. ಮಡುವಿನಾಚೆ ಪುರಸಭೆಯವರು ಹೊಸದಾಗಿ ಕಟ್ಟಿಸಿದ ಕಾಲುಸೇತುವೆ. ಕ್ಲಬ್ಬಿನ ಐವರಲ್ಲಿ ಮೂವರು ಮಾತ್ರ ಈ ದಾರಿಯಲ್ಲಿ ಇಳಿದಿದ್ದರು. ಅವರಲ್ಲಿ ಒಬ್ಬನ ಮುಂಗೈ ಆಮೇಲೆ ನೆಟ್ಟಗಾಗಲೇ ಇಲ್ಲ.

ಸಂಜೆ ಟೈಲರಮ್ಮನ ಗಂಡ ಮನೆಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಹನ್ನೊಂದು ಜನ ಅವನನ್ನು ನಿಲ್ಲಿಸಿ ಅಭಿನಂದಿಸಿದ್ದರು. ಅವನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುವವನು. ಮೈಕಿನ ಮುಂದೆ ಗಂಟಲು ಕಂಚು. ಮನೆಯಲ್ಲಿ ಅದು ಎಲ್ಲಿ ಹೋಗುತ್ತಿತ್ತೋ ಯಾರಿಗೂ ತಿಳಿಯದು.

"ನೀನು ಹಳ್ಳ ಇಳಿದ್ಯಂತೆ," ಎಂದ.

"ಇಲ್ಲ ಕಣ್ರೀ. ಲಂಗದೊಳಗೆ ಸಿಕ್ಕಿಹಾಕಿಕೊಂಡಿದ್ದೆ. ಕೊನೆಗೆ ಪ್ಲಂಬರ್ ಬಂದು ಇಕ್ಕಳ ಹಾಕಿ ಬಿಡಿಸಿದ."

ಗಂಡ ಬಹಳ ಹೊತ್ತು ಯೋಚಿಸಿದ. "ಹಾಗಾದ್ರೆ ಜನರಿಗೆ ಏನು ಹೇಳೋದು? ಅತ್ತಿಗೆಯನ್ನ ಒಂದು ಮಾತು ಕೇಳೋಣ."

ಅವನ ಬಾಯಲ್ಲಿ ಈ ವಾಕ್ಯ ಬಂತೆಂದರೆ ಆ ವಿಷಯ ಮುಗಿದಂತೆ. ಅತ್ತಿಗೆ ಎಂದರೆ ಅವನ ಅಣ್ಣನ ಹೆಂಡತಿ, ಹೆಣ್ಣುಮಕ್ಕಳ ಶಾಲೆಯ ಹೆಡ್ಮಿಸ್ಟ್ರೆಸ್. ಕಳೆದ ಇಪ್ಪತ್ತೆರಡು ವರ್ಷಗಳಿಂದ ಈ ಮನೆಯ ಪರದೆಯ ಬಣ್ಣದಿಂದ ಹಿಡಿದು ಹಲ್ಲು ಕೀಳಿಸುವ ದಿನದವರೆಗೆ ಎಲ್ಲವನ್ನೂ ಅವಳೇ ಗೊತ್ತುಮಾಡಿದ್ದಳು. ಈಚೆಗೆ ಗೊತ್ತುಮಾಡಿದ್ದೆಂದರೆ ಟೈಲರಮ್ಮ ಬರುವ ತಿಂಗಳು ಒಂದನೇ ತಾರೀಖು ಅಂಗಡಿ ಮುಚ್ಚಿ, ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಸಹಾಯಕ್ಕೆ ಬರಬೇಕು ಎಂಬುದು. "ಒಬ್ಬಳೇ ಅಂಗಡಿ ನಡೆಸೋದು ನಿನ್ನಂಥವಳಿಗೆ ಆಗೋ ಕೆಲಸ ಅಲ್ಲ. ಮೆತ್ತಗಿನ ಸ್ವಭಾವ. ನನ್ನ ಕಣ್ಣೆದುರಿಗಿದ್ರೆ ನನಗೂ ನಿಶ್ಚಿಂತೆ," ಎಂದಿದ್ದಳು. ಟೈಲರಮ್ಮ ಅವತ್ತು ತಲೆಯಾಡಿಸಿದ್ದಳು. ಆಮೇಲೆ ಅಂಗಡಿಗೆ ಬಂದು, ಯಾರೂ ಇಲ್ಲದಾಗ, ಕತ್ತರಿಸುವ ಮೇಜಿನ ಮೇಲೆ ಎರಡೂ ಅಂಗೈ ಊರಿ ತುಂಬ ಹೊತ್ತು ನಿಂತಿದ್ದಳು. ಆ ಹನ್ನೆರಡು ಅಡಿಯ ಕೋಣೆಯಲ್ಲಿ ಮಾತ್ರ ಯಾವುದು ಎಲ್ಲಿರಬೇಕೆಂದು ಅವಳೇ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಓರಗಿತ್ತಿ ಬಂದಳು.

"ಏನೇ ಇದು, ಬೀದಿಯಲ್ಲೆಲ್ಲ ನಿನ್ನ ಮಾತೇ. ವಯಸ್ಸೆಷ್ಟು ನಿನಗೆ? ನಲವತ್ತಾರು. ಸೊಂಟ ಹಿಡ್ಕೊಂಡ್ರೆ ಯಾರು ನೋಡ್ಕೊಳ್ಳೋರು?"

"ಅಕ್ಕ, ಅದು ಹಾಗಲ್ಲ, ನಾನು ಏನಾಯ್ತು ಅಂದ್ರೆ..."

"ನೀನು ಹೇಳಬೇಡ, ನಾನು ಹೇಳ್ತೀನಿ." ಓರಗಿತ್ತಿ ಇಪ್ಪತ್ತೆರಡು ವರ್ಷಗಳಿಂದ ಅವಳ ವಾಕ್ಯಗಳನ್ನು ತಾನೇ ಮುಗಿಸುತ್ತಿದ್ದಳು. ಇವತ್ತು ಮುಗಿಸುವ ಮೊದಲೇ ಅವಳ ಫೋನು ಬಡಿದುಕೊಂಡಿತು. ಆ ಕಡೆ ಪುರಸಭೆಯ ಮುಖ್ಯಾಧಿಕಾರಿ. ಓರಗಿತ್ತಿಯ ಮುಖ ಒಂದೊಂದೇ ಮಡಿಕೆ ಬಿಚ್ಚಿಕೊಂಡು ಇಸ್ತ್ರಿ ಮಾಡಿದ ಹಾಗಾಯಿತು. "ಹೌದು ಸಾರ್, ನಮ್ಮ ಮನೆಯವಳೇ. ನನ್ನ ಓರಗಿತ್ತಿಯೇ. ಧೈರ್ಯ ನಮ್ಮ ಮನೆತನದಲ್ಲೇ ಇದೆ ಸಾರ್. ನಾನೇ ಹೇಳ್ತಿರ್ತೀನಿ ಅವಳಿಗೆ, ಹೆದರಬೇಡ ಅಂತ."

ಫೋನಿಟ್ಟು, ಟೈಲರಮ್ಮನನ್ನು ಹೊಸ ಬೀರುವನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು. "ಅಂಗಡಿ ಮುಚ್ಚೋ ವಿಷಯ ಸದ್ಯಕ್ಕೆ ಇರಲಿ," ಎಂದಳು. "ಜನ ಏನಾದ್ರೂ ಅಂದ್ಕೊಳ್ತಾರೆ."

ನಿಜ ಹೇಳಲು ಟೈಲರಮ್ಮನ ಬಾಯಿ ಅರ್ಧ ತೆರೆದಿತ್ತು. ಅದು ಹಾಗೇ ಮುಚ್ಚಿಕೊಂಡಿತು. ಇದನ್ನು ಸುಳ್ಳು ಎನ್ನುವವರು, ಸ್ವಂತದ ಹನ್ನೆರಡು ಅಡಿ ಜಾಗಕ್ಕಾಗಿ ತಾವು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬಲ್ಲೆವು ಎಂದು ಮೊದಲು ಲೆಕ್ಕ ಹಾಕಲಿ.

ವಾರದೊಳಗೆ ಅವಳು ಊರಿನ ಜಲತಜ್ಞೆಯಾದಳು. ಔಷಧಿ ಅಂಗಡಿಯವನು ಕೆಮ್ಮಿನ ಸಿರಪ್ಪು ಕೊಡುತ್ತಾ, ಪ್ರವಾಹ ಬಂದರೆ ಸಾಮಾನನ್ನು ಯಾವ ಅಟ್ಟಕ್ಕೇರಿಸಬೇಕು ಎಂದು ಕೇಳಿದ. ಎದುರು ಮನೆಯಾಕೆ ನೀರು ಕಂಡರೆ ಅಳುವ ತನ್ನ ಮೊಮ್ಮಗನನ್ನು ತಂದು, "ಇವನ ತಲೆ ಮೇಲೆ ಒಂದು ಸಲ ಕೈಯಿಡಿ" ಎಂದಳು. ಟೈಲರಮ್ಮ ಇಟ್ಟಳು. ಮಗು ಇನ್ನೂ ಜೋರಾಗಿ ಅತ್ತಿತು. "ನೋಡಿ, ಭಯ ಹೊರಗೆ ಬರ್ತಿದೆ," ಎಂದು ಆಕೆ ಸಮಾಧಾನದಿಂದ ಹೋದಳು. ಟೈಲರಮ್ಮ ಇಳಿದದ್ದು ಒಂದು ಸಲವಲ್ಲ, ಹತ್ತು ಸಲ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಂಬ ಮಾತೂ ಹಬ್ಬಿತು. ಗಿರಾಕಿಗಳು ಬಟ್ಟೆ ಯಾವಾಗ ಕೊಡುತ್ತೀರಿ ಎಂದು ಗದರುವುದನ್ನು ಬಿಟ್ಟು, "ನಿಮಗೆ ಬಿಡುವಾದಾಗ" ಎನ್ನತೊಡಗಿದರು.

ಎಂಟನೆಯ ದಿನ ಗುಮಾಸ್ತ ಮೊಹರು ಹಾಕಿದ ಕಾಗದದೊಂದಿಗೆ ಬಂದ. ಕಾಲುಸೇತುವೆಯ ಉದ್ಘಾಟನೆ. ರಿಬ್ಬನ್ನನ್ನು ಸೇತುವೆಯ ಮೇಲಲ್ಲ, ಕೆಳಗೆ ನೀರಿನ ಮೇಲೆ ಅಡ್ಡ ಕಟ್ಟುವುದು. ಟೈಲರಮ್ಮ ಕಯಾಕಿನಲ್ಲಿ ಬಂದು ಅದನ್ನು ಕಡಿಯುವುದು. ಮುಖ್ಯಾಧಿಕಾರಿಗಳ ಸ್ವಂತ ಯೋಚನೆ.

"ಸಾರ್, ನಿಜ ಹೇಳ್ತೀನಿ ಕೇಳಿ. ನನಗೆ ಅದೆಲ್ಲ ಬರಲ್ಲ."

ಗುಮಾಸ್ತ ಮುಗುಳ್ನಕ್ಕ. "ದೊಡ್ಡವರು ಹೀಗೇ ಹೇಳೋದು. ಇಲ್ಲೊಂದು ಸಹಿ ಮಾಡಿ."

ಪ್ಲಂಬರನಿಗೆ ಮಾತ್ರ ಎಲ್ಲ ಗೊತ್ತಿತ್ತು. ಆ ಸಂಜೆ ಟೈಲರಮ್ಮ ಅವನ ಮುಂದೆ ಹೋಗಿ ಕೂತಳು. ಅವನು ಒಂದು ಹಳೆಯ ನಲ್ಲಿಯನ್ನು ಬಿಚ್ಚುತ್ತಿದ್ದ.

"ಎಷ್ಟು ದಿನ ಇದೆ?" ಎಂದ.

"ಹನ್ನೆರಡು."

"ಹಳ್ಳ ಇಳಿಯೋಕೆ ಎರಡು ವರ್ಷ ಬೇಕು ಅಕ್ಕ. ಮಡುವಿನಲ್ಲಿ ನೇರವಾಗಿ ಹೋಗೋಕೆ ಹನ್ನೆರಡು ದಿನ ಸಾಕು." ನಲ್ಲಿಯ ವಾಷರನ್ನು ಬೆಳಕಿಗೆ ಹಿಡಿದು ನೋಡಿದ. "ಒರಳಿನ ಪಕ್ಕ ಬಂಡೆಯ ಹಿಂದೆ ಒಂದು ಮರೆ ಇದೆ. ಅಲ್ಲೇ ನೀರಿಗಿಳಿಸ್ತೀನಿ. ಸೇತುವೆ ಮೇಲಿನವರಿಗೆ ಮೇಲಿಂದ ಬಂದ ಹಾಗೇ ಕಾಣುತ್ತೆ."

ಹನ್ನೆರಡು ದಿನವೂ ಅಂಗಡಿ ತೆರೆಯುವ ಮೊದಲು ಅವಳು ಮಡುವಿಗೆ ಹೋದಳು. ಮೊದಲ ದಿನ ಆರು ಸಲ ಮಗುಚಿದಳು. ಎರಡನೆಯ ದಿನ ಒಂಬತ್ತು. "ಮುಂದೆ ಬರ್ತಿದ್ದೀರಿ," ಎಂದ ಪ್ಲಂಬರ್. ಅವನು ಕಲಿಸಿದ್ದು ಮೂರೇ ಪಾಠ: ಮೈ ಮುಂದಕ್ಕೆ ಬಾಗಿರಬೇಕು, ಏನೇ ಆದರೂ ಹುಟ್ಟು ಕೈಬಿಡಬಾರದು, ಮಗುಚಿದರೆ ಪಟ್ಟಿ ಎಳೆಯಬೇಕು. ಪಟ್ಟಿಯನ್ನು ಅವಳು ಈಗ ನಾಲ್ಕು ಸಾಲು ಹೊಲಿಗೆ ಹಾಕಿ ಕೂರಿಸಿದ್ದಳು. ಹತ್ತನೆಯ ದಿನ ಅವಳ ದೋಣಿ ಆಚೆ ದಡದವರೆಗೆ ನೆಟ್ಟಗೆ ಹೋಯಿತು. ಪ್ಲಂಬರ್ ಟವೆಲ್ ಚಾಚಿದ. ಅವಳು ನೀರಿನಿಂದ ಎದ್ದು ಬಂದು, ಅದೇ ಒದ್ದೆ ಕೂದಲಲ್ಲಿ ಅಂಗಡಿ ತೆರೆದು, ಮಧ್ಯಾಹ್ನದೊಳಗೆ ಮೂರು ಅಂಗಿ ಹೊಲಿದಳು.

ಉದ್ಘಾಟನೆಯ ದಿನ ಸೇತುವೆಯ ಮೇಲೆ ಊರಿಗೆ ಊರೇ ನಿಂತಿತ್ತು. ಬಾಡಿಗೆಗೆ ಹೇಳಿದ್ದ ಅನೌನ್ಸರ್ ಬಾರದ ಕಾರಣ ಮೈಕು ಟೈಲರಮ್ಮನ ಗಂಡನ ಕೈಗೆ ಬಂದಿತ್ತು. ಅವಳೂ ಪ್ಲಂಬರನೂ ದೋಣಿ ಎತ್ತಿಕೊಂಡು ಬಂಡೆಯ ಮರೆಗೆ ಸರಿಯುತ್ತಿದ್ದಾಗ, ಗುಮಾಸ್ತ ಎರಡು ದಪ್ಪ ರಿಜಿಸ್ಟರುಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಡ್ಡ ಬಂದ.

"ಎಲ್ಲಿಗೆ? ಶುರು ಕತ್ತರಿಯ ಮೇಲಿಂದ."

"ಇಲ್ಲಿಂದಾನೇ ಸಾಕು ಸಾರ್," ಎಂದ ಪ್ಲಂಬರ್.

"ಹೇಗೆ ಸಾಕಾಗುತ್ತೆ? ಮೇಲಿಂದ ಬಂದ್ರು ಅಂತ ನಾನು ದಾಖಲೆ ಮಾಡಬೇಕು. ಹೊರಟದ್ದನ್ನ ಕಣ್ಣಾರೆ ನೋಡದೆ ನಾನು ಏನನ್ನೂ ಬರೆಯೋನಲ್ಲ. ಸತ್ತವರನ್ನೂ ಹಾಗೇ ಬರೆದಿಲ್ಲ ಇದುವರೆಗೆ."

"ಅದ್ಯಾಕೆ ಸಾರ್ ಎರಡು ಪುಸ್ತಕ?" ಟೈಲರಮ್ಮ ಕೇಳಿದಳು.

"ಒಂದು ಜನನ, ಒಂದು ಮರಣ. ಯಾವುದು ಬೇಕಾಗುತ್ತೋ ಹೇಗೆ ಹೇಳೋದು," ಎಂದ ಗುಮಾಸ್ತ ಸಭ್ಯವಾಗಿ.

ಅಷ್ಟರಲ್ಲಿ ಓರಗಿತ್ತಿಯೂ ಬಂದಳು. ಅವಳೇ ದೋಣಿಯ ಒಂದು ತುದಿ ಹಿಡಿದು ಮುಂದೆ ನಡೆದಳು. ಪ್ಲಂಬರ್ ಟೈಲರಮ್ಮನ ಕಿವಿಯ ಬಳಿ, "ಮೇಲೆ ಹೋಗಿ ತಲೆ ಸುತ್ತುತ್ತೆ ಅಂದ್ಬಿಡಿ. ನಾನು ಹಗ್ಗ ಹಿಡ್ಕೊಂಡು ಮಡುವಿನ ಹತ್ರ ಇರ್ತೀನಿ," ಎಂದು ಹೇಳಿ ಕೆಳಗೋಡಿದ. ಐದು ನಿಮಿಷದಲ್ಲಿ ಅವಳು ಕತ್ತರಿಯ ಮೇಲಿನ ಚಪ್ಪಟೆ ಬಂಡೆಯ ಮೇಲೆ, ಹೆಲ್ಮೆಟ್ಟು ಹಾಕಿ, ಲಂಗ ಬಿಗಿದು, ದೋಣಿಯೊಳಗೆ ಕೂತಿದ್ದಳು. ಒಂದು ಗೇಣು ಮುಂದೆ ನೀರು ಬೆಳ್ಳಗೆ ಕೂಗುತ್ತಾ ಕಣ್ಮರೆಯಾಗುತ್ತಿತ್ತು.

"ಅಕ್ಕ," ಎಂದಳು. "ನನಗೆ ಇದು ಬರಲ್ಲ. ನಾನು ಯಾವತ್ತೂ ಇಳಿದಿಲ್ಲ. ಅವತ್ತು ಅಂಗಡಿಯಲ್ಲಿ ಲಂಗದೊಳಗೆ ಸಿಕ್ಕಿಹಾಕಿಕೊಂಡಿದ್ದೆ, ಅಷ್ಟೇ."

"ಎಂಥ ವಿನಯ," ಎಂದು ಗುಮಾಸ್ತ ಕಣ್ಣೊರೆಸಿಕೊಂಡ.

ಊರಿನಲ್ಲಿ ಅವಳ ಮಾತನ್ನು ನಂಬಿದವಳು ಓರಗಿತ್ತಿ ಒಬ್ಬಳೇ. ನಂಬಿದಳು ಮಾತ್ರವಲ್ಲ, ತಕ್ಷಣ ನಂಬಿದಳು. ಮೂರು ವಾರದಿಂದ ಎಲ್ಲೋ ಕಳೆದುಹೋಗಿದ್ದ ವಸ್ತು ಸಿಕ್ಕಿತೆಂಬಂತೆ ಅವಳ ಮುಖ ಅರಳಿತು.

"ನನಗೆ ಗೊತ್ತಿತ್ತು. ನಿನ್ನ ಕೈಲಿ ಆಗೋದಲ್ಲ ಇದು ಅಂತ ಮೊದಲ ದಿನಾನೇ ಅನ್ಕೊಂಡೆ. ಹೋಗಲಿ ಬಿಡು, ಎದ್ದು ಬಾ. ನಾನು ಎಲ್ಲರಿಗೂ ಏನಾದ್ರೂ ಹೇಳಿ ಸರಿಮಾಡ್ತೀನಿ. ಸೋಮವಾರದಿಂದ ಸುಮ್ಮನೆ ಶಾಲೆಗೆ ಬಾ, ಅಂಗಡಿ ಗಿಂಗಡಿ ಸಾಕು. ಎಲ್ಲಿ, ಕೈ ಕೊಡು."

ಓರಗಿತ್ತಿ ಕೈ ಚಾಚಿದಳು. ಅದು ಒಳ್ಳೆಯ ಕೈ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಸಲ ಅವಳನ್ನು ಮೇಲೆತ್ತಿ, ತನಗೆ ಬೇಕಾದ ಕಡೆ ಕೂರಿಸಿದ್ದ ಕೈ. ಟೈಲರಮ್ಮ ಅದನ್ನು ನೋಡಿದಳು, ನೀರನ್ನು ನೋಡಿದಳು. ನೀರೇ ವಾಸಿ ಅನ್ನಿಸಿತು.

"ಸ್ವಲ್ಪ ಪಕ್ಕಕ್ಕೆ ಸರೀರಿ ಅಕ್ಕ," ಎಂದು ಹುಟ್ಟನ್ನು ಬಂಡೆಗೆ ಊರಿ ತಳ್ಳಿಕೊಂಡಳು.

ಸೇತುವೆಯ ಮೇಲೆ ಮೈಕಿನಲ್ಲಿ ಕಂಚಿನ ಕಂಠ ಮೊಳಗಿತು. ಗಂಡನಿಗೆ ಬೇರೆ ರೀತಿಯಲ್ಲಿ ಘೋಷಣೆ ಮಾಡಲು ಬರುತ್ತಿರಲಿಲ್ಲ. "ಪ್ರಯಾಣಿಕರ ಗಮನಕ್ಕೆ. ಕತ್ತರಿಯಿಂದ ಹೊರಟು ಒರಳು ಮಾರ್ಗವಾಗಿ ಸೇತುವೆಗೆ ಬರಲಿರುವ ನನ್ನ ಹೆಂಡತಿ ಇದೀಗ ನಿಲ್ದಾಣವನ್ನು ಬಿಟ್ಟಿರುತ್ತಾಳೆ."

ಕತ್ತರಿಯ ಎಡ ಬಂಡೆಗೆ ದೋಣಿಯ ಮೂತಿ ತಗುಲಿತು. ಬಾಲ ಸುತ್ತಿಕೊಂಡು ಮುಂದೆ ಬಂತು. ಟೈಲರಮ್ಮ ಊರಿಗೆ ಬೆನ್ನು, ಬೆಟ್ಟಕ್ಕೆ ಮುಖ ಮಾಡಿಕೊಂಡು, ಬಿಟ್ಟು ಬಂದ ಜಾಗವನ್ನೇ ನೋಡುತ್ತಾ ಕೆಳಗಿಳಿದಳು. ಬಂಡೆಯ ಮೇಲೆ ಕೈ ಚಾಚಿಯೇ ನಿಂತಿದ್ದ ಓರಗಿತ್ತಿ ಸರಸರನೆ ಚಿಕ್ಕವಳಾಗುತ್ತಾ ಹೋದಳು. ಅಷ್ಟು ಚಿಕ್ಕವಳಾಗಿ ಅವಳನ್ನು ಟೈಲರಮ್ಮ ಎಂದೂ ಕಂಡಿರಲಿಲ್ಲ. ಆಮೇಲೆ ಆಕಾಶ ಹೋಯಿತು, ಸದ್ದು ಹೋಯಿತು.

ಒರಳಿನಲ್ಲಿ ಬರೀ ನೊರೆ. ಒಂದು ಉಸಿರಿನಷ್ಟು ಹೊತ್ತು, ಎರಡು ಉಸಿರಿನಷ್ಟು ಹೊತ್ತು.

"ಪ್ರಯಾಣಿಕರ ಗಮನಕ್ಕೆ," ಎಂದಿತು ಮೈಕು. ಕಂಚು ಬಿರುಕು ಬಿಟ್ಟಿತ್ತು. "ಒರಳು ಮಾರ್ಗವಾಗಿ ಬರಬೇಕಾದ... ಬರಬೇಕಾದವಳು ಸ್ವಲ್ಪ ತಡವಾಗಿ..." ಮುಂದೆ ಬರೀ ಗಾಳಿ ಊದಿದ ಸದ್ದು.

ಬಾಲ ಮುಳುಗಿದ ದೋಣಿ ಆಗ ಮೂತಿಯನ್ನು ಆಕಾಶಕ್ಕೆತ್ತಿ ನೊರೆಯೊಳಗಿಂದ ಕಂಬದಂತೆ ಎದ್ದು ನಿಂತಿತು. ಅದರ ನಡುವಿನಲ್ಲಿ ಟೈಲರಮ್ಮ ಮುಂದಕ್ಕೆ ಬಾಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಹುಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. ಪಾಠದಲ್ಲಿ ಹೇಳಿದ್ದೇ ಅಷ್ಟು. ದೋಣಿ ಹಾಗೇ ನಿಂತು ಮೂರು ಸುತ್ತು ಸುತ್ತಿತು. ಒರಳಿಗೆ ಈ ಪದಾರ್ಥ ಸೇರಲಿಲ್ಲವೋ ಏನೋ, ಎತ್ತಿ ಮಡುವಿಗೆ ಉಗುಳಿತು. ಹಗ್ಗ ಎಸೆಯಬೇಕಿದ್ದ ಪ್ಲಂಬರ್ ಹಗ್ಗವನ್ನು ಎದೆಗವುಚಿಕೊಂಡು ಬಾಯಿ ತೆರೆದು ನಿಂತಿದ್ದ. ಒರಳಿನಲ್ಲಿ ಬಾಲದ ಮೇಲೆ ನಿಂತು ಮೂರು ಸುತ್ತು ಸುತ್ತುವುದು ಅವನಿಗೆ ಎಂಟು ವರ್ಷಗಳಿಂದ ಒಲಿಯದ ವಿದ್ಯೆ.

ದೋಣಿ ಇನ್ನೂ ಹಿಮ್ಮುಖವಾಗಿಯೇ ಮಡುವನ್ನು ದಾಟಿತು. ರಿಬ್ಬನ್ನು ಅವಳ ಬೆನ್ನಿಗೆ ತಾಗಿ ಚಟ್ಟನೆ ಹರಿಯಿತು. ಆಗ ಅವಳು ಕಣ್ಣು ಬಿಟ್ಟಳು. ತಲೆಯ ಮೇಲೆ ಸೇತುವೆ ಇತ್ತು. ಸೇತುವೆಯ ತುಂಬ ಜನ, ಎಲ್ಲರೂ ಅವಳನ್ನೇ ಕೂಗುತ್ತಿದ್ದರು. ಮೈಕಿನಲ್ಲಿ ಗಂಡ ಅಳುತ್ತಾ, "ಬಂದಿರುತ್ತಾಳೆ, ಬಂದಿರುತ್ತಾಳೆ, ಸರಿಯಾದ ಸಮಯಕ್ಕೆ ಬಂದಿರುತ್ತಾಳೆ," ಎನ್ನುತ್ತಿದ್ದ.

ಮುಖ್ಯಾಧಿಕಾರಿ ತಾವೇ ದಡಕ್ಕಿಳಿದು ಬಂದರು. "ಹಿಮ್ಮುಖವಾಗಿ ಬರುವ ಸಾಹಸವನ್ನೇ ಏಕೆ ಆರಿಸಿಕೊಂಡಿರಿ, ತಾಯಿ?"

"ಆರಿಸಿಕೊಳ್ಳಲಿಲ್ಲ ಸಾರ್, ದೋಣಿ ತಿರುಗಿಕೊಳ್ತು," ಎಂದಳು ಟೈಲರಮ್ಮ. ಮೂಗಿನಿಂದ ನೀರು ಇಳಿಯುತ್ತಿತ್ತು. "ಇದಕ್ಕೆ ಮೊದಲು ನಾನು ಇಳಿದೇ ಇಲ್ಲ. ಇವತ್ತೇ ಮೊದಲು."

ಸೇತುವೆಯ ಮೇಲಿನ ಚಪ್ಪಾಳೆ ಇಮ್ಮಡಿಯಾಯಿತು. ಇಂಥ ವಿನಯವನ್ನು ತಾವು ಎಲ್ಲೂ ಕಂಡಿಲ್ಲ ಎಂದು ಮುಖ್ಯಾಧಿಕಾರಿ ಭಾಷಣದಲ್ಲಿ ಎರಡು ಸಲ ಹೇಳಿದರು. ಗುಮಾಸ್ತ ಬಹಳ ಯೋಚಿಸಿ ಜನನದ ರಿಜಿಸ್ಟರನ್ನು ತೆರೆದು, ಷರಾ ಎಂಬ ಕಾಲಮ್ಮಿನಲ್ಲಿ ಆ ದಿನದ ತಾರೀಖನ್ನೂ ಗಂಟೆಯನ್ನೂ ಬರೆದು ಸಹಿ ಹಾಕಿದ.

ಸೋಮವಾರ ಟೈಲರಮ್ಮ ಎಂದಿನ ಹೊತ್ತಿಗೇ ಅಂಗಡಿ ತೆರೆದಳು. ಮೈಯ ಒಂದೊಂದು ಕೀಲೂ ತನ್ನ ಇರವನ್ನು ಬೇರೆ ಬೇರೆಯಾಗಿ ತಿಳಿಸುತ್ತಿತ್ತು. ಹನ್ನೊಂದು ಗಂಟೆಗೆ ಓರಗಿತ್ತಿ ಬಂದಳು. ಶಾಲೆಯ ಹೊತ್ತಿನಲ್ಲಿ ಅವಳು ಹೊರಗೆ ಕಾಲಿಟ್ಟಿದ್ದನ್ನು ಊರು ಅದುವರೆಗೆ ನೋಡಿರಲಿಲ್ಲ. ಕೇಳದೆಯೇ ಕುರ್ಚಿ ಎಳೆದು ಕೂರುವವಳು ಇವತ್ತು ಬಾಗಿಲಲ್ಲೇ ನಿಂತು, "ಒಳಗೆ ಬರ್ಲಾ?" ಎಂದಳು.

"ಬನ್ನಿ ಅಕ್ಕ."

ಓರಗಿತ್ತಿ ಗೋಡೆಯ ಮೇಲಿನ ದಾರದ ಉಂಡೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

"ನಿನಗೆ ನಿಜವಾಗ್ಲೂ ಬರ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಅಕ್ಕ. ಬಂಡೆ ಮೇಲೆ ನಿಮಗೆ ಹೇಳಿದ್ದು ನಿಜ."

"ನೀನು ಮೊದಲೇ ಕಲ್ತಿದ್ದೆ ಅಂತಾಗಿದ್ರೆ ನಾನು ರಾತ್ರಿ ನಿದ್ದೆ ಮಾಡ್ತಿದ್ದೆ," ಎಂದಳು ಓರಗಿತ್ತಿ, ಶಾಲೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ. "ಬರದೇ ಇರೋರೂ ಇಳಿಬಹುದು ಅಂತಾಯ್ತಲ್ಲ."

ಈ ವಾಕ್ಯವನ್ನು ತಾನು ಮುಗಿಸಬಾರದು ಎಂದು ಟೈಲರಮ್ಮನಿಗೆ ತೋರಿತು.

"ನನಗೆ ಐವತ್ತಮೂರು," ಎಂದಳು ಓರಗಿತ್ತಿ. "ಮೊದಲು ಮಡುವಿನಲ್ಲಿ ಸಾಕು. ಪ್ಲಂಬರ್ ಹತ್ರ ನೀನೇ ಮಾತಾಡು. ನನಗೂ ಒಂದು ಲಂಗ ಬೇಕು. ಬುಧವಾರದೊಳಗೆ."

"ಶುಕ್ರವಾರ ಆಗುತ್ತೆ ಅಕ್ಕ."

"ಬುಧವಾರ ಅಂದೆ."

ಟೈಲರಮ್ಮ ಕೊರಳಿನಿಂದ ಅಳತೆಯ ಟೇಪು ತೆಗೆದಳು. "ನನ್ನ ಅಂಗಡಿಯಲ್ಲಿ ಶುಕ್ರವಾರ. ಕೈ ಎತ್ತಿ."

ಹೆಡ್ಮಿಸ್ಟ್ರೆಸ್ ಒಂದು ಗಳಿಗೆ ಅವಳನ್ನೇ ದಿಟ್ಟಿಸಿದಳು. ಆಮೇಲೆ ಎರಡೂ ಕೈ ಎತ್ತಿದಳು.

"ಉಸಿರು ಬಿಗಿ ಹಿಡೀಬೇಡಿ ಅಕ್ಕ," ಎಂದಳು ಟೈಲರಮ್ಮ. "ಇನ್ನೂ ಸ್ವಲ್ಪ ಮೇಲೆ."